ಆಯುಸ್ಸು ಹೆಚ್ಚಿಸುವುದು ನಂಬಿಕೆಯೋ, ಸಭೆಗೆ ಹೋಗುವ ಅಭ್ಯಾಸವೋ?

ಸಂಖ್ಯಾಶೋಧ:
"ದೈವಭಕ್ತರು ಏಳು ವರ್ಷ ಹೆಚ್ಚು ಬದುಕುತ್ತಾರೆ, ವಿಜ್ಞಾನವೇ ಒಪ್ಪಿದೆ" ಎನ್ನುವ ಸಂದೇಶ ಮತ್ತೆ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ಆ ಏಳು ವರ್ಷ ಗಾಳಿಸುದ್ದಿಯಲ್ಲ, ಆದರೆ ಮೂಲದಲ್ಲಿರುವುದು ಬೇರೆ ಮಾತು. 1999ರಲ್ಲಿ ಹಮ್ಮರ್ ಮತ್ತು ಸಂಗಡಿಗರು 'ಡೆಮಾಗ್ರಫಿ' ಪತ್ರಿಕೆಯಲ್ಲಿ ಬರೆದ ಪ್ರಬಂಧ ಅದು. ಅಮೆರಿಕದಲ್ಲಿ 1987ರ ಆರೋಗ್ಯ ಸಮೀಕ್ಷೆಗೆ ಉತ್ತರ ಕೊಟ್ಟಿದ್ದ 21,204 ವಯಸ್ಕರಲ್ಲಿ 1995ರ ತನಕ ಯಾರು ಯಾರು ತೀರಿಕೊಂಡರೆಂದು ಮರಣ ದಾಖಲೆಗಳ ಜೊತೆ ತಾಳೆ ನೋಡಿದರು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನಾ ಸಭೆಗೆ ಹೋಗುವವರಿಗೆ ಹೋಲಿಸಿದರೆ, ಎಂದೂ ಹೋಗದವರು ಸಾಯುವ ಅಪಾಯ 1.87 ಪಟ್ಟು. ಇಪ್ಪತ್ತರ ವಯಸ್ಸಿನಲ್ಲಿ ನಿಂತು ಲೆಕ್ಕ ಹಾಕಿದರೆ ಹೋಗದವರ ನಿರೀಕ್ಷಿತ ಆಯುಸ್ಸು 75.3, ಹೋಗುವವರದು 82.9.

ಸಮೀಕ್ಷೆಯಲ್ಲಿ ಕೇಳಿದ್ದು "ಎಷ್ಟು ಸಲ ಹೋಗುತ್ತೀರಿ?" ಎಂದು. "ಎಷ್ಟು ನಂಬುತ್ತೀರಿ?" ಎಂದಲ್ಲ. ಚರ್ಚೆ ಇಲ್ಲಿಂದಲೇ ಶುರುವಾಗಲಿ.

ಸಂಶಯಾತ್ಮ:
ಕಾಯಿಲೆಯವರು ಹಾಸಿಗೆ ಬಿಟ್ಟು ಏಳಲಾರರು, ಹಾಗಾಗಿ ಸಭೆಗೂ ಹೋಗಲಾರರು. ಅಂಥವರು ಬೇಗ ಸಾಯುವುದರಲ್ಲಿ ಆಶ್ಚರ್ಯವೇನು? ಸಭೆಯ ಬಾಗಿಲೇ ಒಂದು ಜರಡಿ, ಗಟ್ಟಿಮುಟ್ಟಾದವರನ್ನಷ್ಟೇ ಒಳಗೆ ಬಿಡುತ್ತದೆ. ಇದೇ ತರ್ಕದಲ್ಲಿ ಪ್ರತಿದಿನ ಬಸ್ಸು ಹತ್ತುವವರೂ ದೀರ್ಘಾಯುಷಿಗಳೇ.

ಈ ವಿಷಯಕ್ಕೆ ಅಂಕಿಗಳನ್ನು ಮೊದಲು ತಂದವರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ ಒಬ್ಬ, ಅದೂ 1872ರಲ್ಲಿ. ಇಂಗ್ಲೆಂಡಿನಲ್ಲಿ ರಾಜಮನೆತನದ ಆಯುಸ್ಸಿಗಾಗಿ ದೇಶವೆಲ್ಲ ಪ್ರಾರ್ಥಿಸುತ್ತದಲ್ಲ, ಅವರು ಹೆಚ್ಚು ಬದುಕಿದರೇ ಎಂದು ನೋಡಿದ. ಮೂವತ್ತು ದಾಟಿದವರಲ್ಲಿ ರಾಜಮನೆತನದವರ ಸರಾಸರಿ ಆಯುಸ್ಸು 64.04, ಪಾದ್ರಿಗಳದು 69.49. ಅವನ ಪಟ್ಟಿಯಲ್ಲಿ ರಾಜಮನೆತನವೇ ಕೊನೆ.

ಸಂಖ್ಯಾಶೋಧ:
ಗಾಲ್ಟನ್ ಅಳೆದದ್ದು ಬೇರೆಯವರ ಪ್ರಾರ್ಥನೆಯನ್ನು. ಅದಕ್ಕೆ ಮುಂದೆ ಬರೋಣ. ಜರಡಿಯ ಆಕ್ಷೇಪ ಸರಿಯಾಗಿದೆ. ಅದನ್ನು ಹೇಗೆ ದಾಟುತ್ತಾರೆ ಅನ್ನುವುದೇ ಈ ಕ್ಷೇತ್ರದ ಅರ್ಧ ಕೆಲಸ.

ಒಳ್ಳೆಯ ಉದಾಹರಣೆ 2016ರಲ್ಲಿ ಲೀ, ವಾಂಡರ್‌ವೀಲ್ ಮತ್ತಿತರರು 'ಜಾಮಾ ಇಂಟರ್ನಲ್ ಮೆಡಿಸಿನ್'ನಲ್ಲಿ ಪ್ರಕಟಿಸಿದ್ದು. ಅಮೆರಿಕದ ದಾದಿಯರನ್ನು ದೀರ್ಘಕಾಲ ಹಿಂಬಾಲಿಸುವ ನರ್ಸಸ್ ಹೆಲ್ತ್ ಸ್ಟಡಿಯ 74,534 ಮಹಿಳೆಯರು. ಹೃದ್ರೋಗ ಅಥವಾ ಕ್ಯಾನ್ಸರ್ ಆಗಲೇ ಇದ್ದವರನ್ನು ಶುರುವಿನಲ್ಲೇ ಕೈಬಿಟ್ಟರು. 1996ರಲ್ಲಿ ಸಭೆಗೆ ಎಷ್ಟು ಹೋಗುತ್ತಿದ್ದರು ಎಂದು ನೋಡುವಾಗ 1992ರಲ್ಲಿ ಎಷ್ಟು ಹೋಗುತ್ತಿದ್ದರು, ಆಗ ಆರೋಗ್ಯ, ಖಿನ್ನತೆ, ಧೂಮಪಾನ ಹೇಗಿತ್ತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿದರು. ಹಾಗಾಗಿ ಹೋಲಿಕೆ ನಡೆದದ್ದು ನಾಲ್ಕು ವರ್ಷ ಹಿಂದೆ ಒಂದೇ ಸ್ಥಿತಿಯಲ್ಲಿದ್ದ ಇಬ್ಬರ ನಡುವೆ. ಆಮೇಲೆ 2012ರ ತನಕ ಹಿಂಬಾಲಿಸಿದರು. 13,537 ಸಾವು.

ಎಂದೂ ಹೋಗದವರಿಗೆ ಹೋಲಿಸಿದಾಗ ಅಪಾಯ: ವಾರಕ್ಕೊಂದಕ್ಕಿಂತ ಹೆಚ್ಚು ಹೋಗುವವರಲ್ಲಿ ಶೇ 33 ಕಡಿಮೆ, ವಾರಕ್ಕೊಮ್ಮೆಯವರಲ್ಲಿ ಶೇ 26, ಅದಕ್ಕಿಂತ ಕಡಿಮೆ ಸಲ ಹೋಗುವವರಲ್ಲಿ ಶೇ 13. ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, ಕಾಗೆ ಕೂತು ಕೊಂಬೆ ಮುರಿದ ಲೆಕ್ಕವಲ್ಲ.

ಜರಡಿಯೊಂದೇ ಕಾರಣವಾಗಿದ್ದರೆ, ಆರಂಭದಲ್ಲಿ ರೋಗವಿದ್ದವರನ್ನು ತೆಗೆದ ಮೇಲೆ ಅಂತರ ಬಹುಪಾಲು ಕುಸಿಯಬೇಕಿತ್ತು. ತಗ್ಗಿತು ಅನ್ನಿ, ಕುಸಿಯಲಿಲ್ಲ.

ನಾಡಿಮಿಡಿತ:
"ಶೇ 33 ಕಡಿಮೆ" ಅಂದರೆ ಮೂರರಲ್ಲಿ ಒಬ್ಬರು ಸಾಯುವುದೇ ಇಲ್ಲ ಎಂದುಕೊಳ್ಳುವವರಿದ್ದಾರೆ. ವರ್ಷಕ್ಕೆ ಇಳಿಸುವ ಒಂದು ಕೈಲೆಕ್ಕ ಹೇಳುತ್ತೇನೆ, ಯಾವ ಅಧ್ಯಯನ ಓದುವಾಗಲೂ ಉಪಯೋಗಕ್ಕೆ ಬರುತ್ತದೆ.

ನಡುವಯಸ್ಸು ದಾಟಿದ ಮೇಲೆ ಮನುಷ್ಯನ ಸಾವಿನ ಅಪಾಯ ಸುಮಾರು ಎಂಟು ವರ್ಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ಆದ್ದರಿಂದ ಅಪಾಯದ ಅನುಪಾತದ ಲಾಗರಿತಮ್ ತೆಗೆದು, ಅದನ್ನು 2ರ ಲಾಗರಿತಮ್‌ನಿಂದ ಭಾಗಿಸಿ, ಎಂಟರಿಂದ ಗುಣಿಸಿದರೆ 'ಎಷ್ಟು ವರ್ಷ ಚಿಕ್ಕವರಂತೆ' ಎನ್ನುವ ಉತ್ತರ ಸಿಗುತ್ತದೆ. ಶೇ 33 ಕಡಿಮೆ ಅಂದರೆ ಅನುಪಾತ 0.67, ಋಣ ಚಿಹ್ನೆ ಬಿಟ್ಟರೆ ಸುಮಾರು 4.6 ವರ್ಷ. 0.74 ಆದರೆ ಮೂರೂವರೆ. ಹಮ್ಮರ್ ಅವರ 1.87 ಹಾಕಿ ನೋಡಿ, 7.2 ಬರುತ್ತದೆ. ವಾಟ್ಸಾಪಿನ ಏಳು ವರ್ಷ ಅಲ್ಲಿಗೆ ಬಂತು!

ಎಡವುವ ಜಾಗ ಒಂದಿದೆ. ಆ ಅನುಪಾತ ಜೀವಮಾನವಿಡೀ ಹಾಗೇ ಉಳಿಯುತ್ತದೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಇಳಿವಯಸ್ಸಿನಲ್ಲಿ ಇಂಥ ಅನುಪಾತಗಳು ಸಾಮಾನ್ಯವಾಗಿ 1ರ ಕಡೆಗೆ ಸರಿಯುತ್ತವೆ. ಹಾಗಾಗಿ ಬಂದ ಉತ್ತರವನ್ನು ಗರಿಷ್ಠ ಮಿತಿ ಎಂದೇ ಓದಿಕೊಳ್ಳಿ.

ಪ್ರಶ್ನೆಪುಟ್ಟ:
ಮನೆಯಲ್ಲೇ ಕೂತು ಪ್ರಾರ್ಥನೆ, ಜಪ, ಪಾರಾಯಣ ಮಾಡುವವರಿಗೆ ಈ ಲಾಭ ಇಲ್ಲವೇ?

ಸಮಾಜದರ್ಪಣ:
ಆಯುಸ್ಸಿನ ಮಟ್ಟಿಗೆ, ಖಾಸಗಿ ಪ್ರಾರ್ಥನೆಯ ಫಲಿತಾಂಶಗಳು ಸಭೆಯ ಫಲಿತಾಂಶಗಳಷ್ಟು ಗಟ್ಟಿಯಾಗಿ ನಿಂತಿಲ್ಲ. ಅಳೆಯುವುದರಲ್ಲೂ ತೊಡಕಿದೆ: ಕಾಯಿಲೆ ಬಂದಾಗ ಜನ ಪ್ರಾರ್ಥನೆ ಹೆಚ್ಚು ಮಾಡುತ್ತಾರೆ. ಸಭೆಯ ವಿಷಯದಲ್ಲಿ ಜರಡಿ ಒಂದು ದಿಕ್ಕಿಗೆ ವಾಲಿದರೆ ಇಲ್ಲಿ ಅದಕ್ಕೆ ವಿರುದ್ಧ ದಿಕ್ಕಿಗೆ. ಅದಕ್ಕೇ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಐದು ಪ್ರಶ್ನೆಗಳ ಮಾಪಕದಲ್ಲಿ ಈ ಮೂರನ್ನು ಬೇರೆ ಬೇರೆ ಇಡುತ್ತಾರೆ: ಸಭೆಗೆ ಹೋಗುವುದಕ್ಕೆ ಒಂದು ಪ್ರಶ್ನೆ, ಖಾಸಗಿ ಆಚರಣೆಗೆ ಒಂದು, ಒಳಗಿನ ನಿಷ್ಠೆಗೆ ಮೂರು. ಐದನ್ನೂ ಕೂಡಿಸಿ ಒಂದೇ ಅಂಕ ಮಾಡಿಬಿಟ್ಟ ಪ್ರಬಂಧ ಕಂಡರೆ ಪಕ್ಕಕ್ಕಿಡಿ. ಯಾವುದು ಕೆಲಸ ಮಾಡಿತೆಂದು ಅದರಿಂದ ಯಾರಿಗೂ ತಿಳಿಯುವುದಿಲ್ಲ.

ಸಭೆಯೊಳಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಬರೋಣ. ಸಂಖ್ಯಾಶೋಧ ಅವರು ಹೇಳಿದ ದಾದಿಯರ ಅಧ್ಯಯನದಲ್ಲೇ ಇದನ್ನು ಬಿಡಿಸಿದ್ದಾರೆ. ಲಾಭದಲ್ಲಿ ಸುಮಾರು ಶೇ 23 ಪಾಲು ಸಾಮಾಜಿಕ ಆಸರೆಯದು, ಶೇ 22 ಧೂಮಪಾನ ಕಡಿಮೆ ಇರುವುದರದು, ಶೇ 11 ಖಿನ್ನತೆಯ ಲಕ್ಷಣ ಕಡಿಮೆ ಇರುವುದರದು, ಶೇ 9 ಆಶಾವಾದದ್ದು. ಇವು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಹಾಗೇ ಕೂಡಿಸಬಾರದು.

ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಅಲಮೀಡಾ ಕೌಂಟಿಯ ಅಧ್ಯಯನ. ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಶುರುವಾದದ್ದು. 1997ರಲ್ಲಿ ಸ್ಟ್ರಾಬ್ರಿಜ್ ಮತ್ತಿತರರು 5,286 ಜನರ 28 ವರ್ಷಗಳ ದಾಖಲೆ ಬಿಡಿಸಿದರು. ಪದೇ ಪದೇ ಸಭೆಗೆ ಹೋಗುವವರ ಅನುಪಾತ 0.64. ಸ್ನೇಹ, ಅಭ್ಯಾಸ, ಆರೋಗ್ಯ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ 0.77. ಪರಿಣಾಮ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇನ್ನೂ ಒಂದು ಕಂಡಿತು: ಸಭೆಗೆ ಹೋಗುವವರು ಶುರುವಿನಿಂದಲೇ ಒಳ್ಳೆಯ ಅಭ್ಯಾಸದವರಾಗಿದ್ದರು ಎಂದಷ್ಟೇ ಅಲ್ಲ, ಆಮೇಲಿನ ವರ್ಷಗಳಲ್ಲಿ ಸಿಗರೇಟು ಬಿಟ್ಟದ್ದು, ವ್ಯಾಯಾಮ ಹೆಚ್ಚಿಸಿಕೊಂಡದ್ದು, ಸಂಬಂಧಗಳನ್ನು ಬೆಳೆಸಿಕೊಂಡದ್ದು, ದಾಂಪತ್ಯ ಉಳಿಸಿಕೊಂಡದ್ದು ಅವರೇ ಹೆಚ್ಚು. ಅಂದರೆ ಸಭೆ ಜನರನ್ನು ಆರಿಸಿಕೊಳ್ಳುವುದರ ಜೊತೆಗೆ ಬದಲಿಸುತ್ತಲೂ ಇದೆ.

ಸಂಶಯಾತ್ಮ:
ಅಲ್ಲಿಗೆ ಮಾತು ಮುಗಿಯಿತಲ್ಲ ಸರ್. ಸಿಗರೇಟು ಬಿಟ್ಟು ಬದುಕಿದರು, ಅದರ ಶ್ರೇಯಸ್ಸು ದೇವರಿಗೆ ಏಕೆ? ಧೂಮಪಾನವನ್ನು ಲೆಕ್ಕದಿಂದ ಕಳೆದು ಉಳಿದದ್ದನ್ನು ಮಾತ್ರ ಧರ್ಮದ ಪಾಲು ಅನ್ನಿ.

ಸಂಖ್ಯಾಶೋಧ:
ಇದು ಇಡೀ ಕ್ಷೇತ್ರವನ್ನು ಎರಡು ಬಣ ಮಾಡಿದ ಪ್ರಶ್ನೆ. ಸಭೆಗೆ ಸೇರುವ ಮೊದಲೇ ಸಿಗರೇಟು ಸೇದದವರಾಗಿದ್ದರೆ ಅದು ಗೊಂದಲಕಾರಕ, ಅದನ್ನು ಕಳೆಯಲೇಬೇಕು. ಸಭೆಗೆ ಹೋಗಲು ಶುರುಮಾಡಿದ ಮೇಲೆ ಬಿಟ್ಟರೆ ಅದು ಮಧ್ಯವರ್ತಿ, ಪರಿಣಾಮ ಸಾಗುವ ದಾರಿಯೇ ಅದು. ದಾರಿಯನ್ನೇ ಕಳೆದುಬಿಟ್ಟು 'ಏನೂ ಉಳಿಯಲಿಲ್ಲ' ಅನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಒಂದೇ ಸಲ ಪ್ರಶ್ನೆ ಕೇಳಿದ ಹಳೆಯ ಸಮೀಕ್ಷೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗುವುದಿಲ್ಲ. ಧೂಮಪಾನದಂಥದ್ದನ್ನು ಲೆಕ್ಕದಿಂದ ಕಳೆದರೆ ಪರಿಣಾಮ ಅತಿ ಕಡಿಮೆ ಕಾಣುತ್ತದೆ, ಕಳೆಯದಿದ್ದರೆ ಅತಿ ಹೆಚ್ಚು. ಅಲಮೀಡಾದ 0.64 ಮತ್ತು 0.77ರ ನಡುವೆ ಎಲ್ಲೋ ಸತ್ಯವಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಅಳೆಯದೆ ಬಿಟ್ಟ ಕಾರಣಗಳ ಬಗ್ಗೆ ಒಂದು ಉಪಕರಣವಿದೆ. 2017ರಲ್ಲಿ ವಾಂಡರ್‌ವೀಲ್ ಮತ್ತು ಡಿಂಗ್ ಹೇಳಿದ 'ಇ-ಮೌಲ್ಯ'. ಅನುಪಾತ 1ಕ್ಕಿಂತ ಕಡಿಮೆ ಇದ್ದರೆ ಮೊದಲು ತಲೆಕೆಳಗು ಮಾಡಿ: 1 ಭಾಗಿಸು 0.67, ಅಂದರೆ 1.49. ಆ ಸಂಖ್ಯೆಯನ್ನು, ಅದರಲ್ಲಿ ಒಂದು ಕಳೆದ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, ಮೊದಲಿನದಕ್ಕೆ ಕೂಡಿಸಿ. ಸುಮಾರು 2.35 ಬರುತ್ತದೆ. ಅರ್ಥ ಏನೆಂದರೆ, ನಮಗೆ ಕಾಣದ ಯಾವುದೋ ಒಂದು ಅಂಶ ಈ ಫಲಿತಾಂಶವನ್ನು ಪೂರ್ತಿ ಅಳಿಸಬೇಕಾದರೆ, ಅದು ಸಭೆಗೆ ಹೋಗುವುದರ ಜೊತೆಗೂ ಸಾವಿನ ಜೊತೆಗೂ ತಲಾ 2.35 ಪಟ್ಟು ನಂಟು ಹೊಂದಿರಬೇಕು, ಅದೂ ಈಗಾಗಲೇ ಲೆಕ್ಕಕ್ಕೆ ಹಿಡಿದ ಎಲ್ಲ ಅಂಶಗಳನ್ನು ದಾಟಿ. ಅಸಾಧ್ಯವಲ್ಲ, ಆದರೆ ಅಂಥದ್ದೊಂದನ್ನು ಹೆಸರಿಸಿ ತೋರಿಸುವುದು ಸುಲಭವೂ ಅಲ್ಲ.

ಸಂಶಯಾತ್ಮ:
ಹೆಸರಿಸುತ್ತೇನೆ: ಶಿಸ್ತಿನ ಸ್ವಭಾವ. ಹೇಳಿದ ಹೊತ್ತಿಗೆ ಸಭೆಗೆ ಹೋಗುವವನು ಹೇಳಿದ ಹೊತ್ತಿಗೆ ಮಾತ್ರೆಯನ್ನೂ ನುಂಗುತ್ತಾನೆ. 2.35 ಪಟ್ಟು ಇದೆಯೋ ಇಲ್ಲವೋ, ಪಾಲಂತೂ ಇದೆ.

ಇನ್ನು ಜನ ಹೇಳುವುದನ್ನು ನಂಬುವುದಾದರೂ ಹೇಗೆ? 1993ರಲ್ಲಿ ಹ್ಯಾಡವೇ, ಮಾರ್ಲರ್ ಮತ್ತು ಚಾವ್ಸ್ ತಲೆ ಎಣಿಸಿ ನೋಡಿದರು. ಅಮೆರಿಕದಲ್ಲಿ ಸಭೆಗೆ ಹೋಗುತ್ತೇವೆ ಎಂದು ಫೋನಿನಲ್ಲಿ ಹೇಳಿದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟೇ ಜನ ನಿಜಕ್ಕೂ ಪೀಠಗಳ ಮೇಲೆ ಕೂತಿದ್ದರು.

ನಾಡಿಮಿಡಿತ:
ಆ ಸುಳ್ಳು ಎಲ್ಲರಲ್ಲೂ ಒಂದೇ ಸಮ ಹಂಚಿದ್ದರೆ ಪರಿಣಾಮ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಹೆಚ್ಚಲ್ಲ. 'ಹೋಗುವವರು' ಎಂಬ ಗುಂಪಿನಲ್ಲಿ ಹೋಗದವರು ಬೆರೆತು ನೀರಾಗುತ್ತದೆ. ಆರೋಗ್ಯವಂತರೇ ಹೆಚ್ಚು ಸುಳ್ಳು ಹೇಳುತ್ತಾರೆ ಎಂದಾದರೆ ಮಾತ್ರ ನಿಮ್ಮ ಆಕ್ಷೇಪ ನಿಲ್ಲುತ್ತದೆ. ಶಿಸ್ತಿನ ಮಾತು ಒಪ್ಪಿದೆ.

ಸಮಾಜದರ್ಪಣ:
ಶಿಸ್ತು, ಬಡತನ, ಒಂಟಿತನ ಇವೆಲ್ಲ ಹೆಚ್ಚು ಕಡಿಮೆ ಸಮ ಇರುವ ಎರಡು ಗುಂಪು ಸಿಕ್ಕಿದರೆ? ಅಂಥದ್ದೊಂದು ಇದೆ. ಇಸ್ರೇಲಿನ ಕಿಬುತ್ಸ್‌ಗಳು, ಆಗ ಆಸ್ತಿ, ಊಟ, ದುಡಿಮೆ ಎಲ್ಲ ಹಂಚಿಕೊಂಡು ಬಾಳುತ್ತಿದ್ದ ಸಮುದಾಯಗಳು. ಕಾರ್ಕ್ ಮತ್ತಿತರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಧಾರ್ಮಿಕ ಮತ್ತು 11 ಧರ್ಮನಿರಪೇಕ್ಷ ಕಿಬುತ್ಸ್‌ಗಳನ್ನು ಜೋಡಿ ಜೋಡಿಯಾಗಿ ಆರಿಸಿದರು. ಒಂದೇ ಪ್ರದೇಶ, ಒಂದೇ ಆಸ್ಪತ್ರೆ. 1970ರಿಂದ 1985ರ ತನಕ ಸುಮಾರು 3,900 ಜನ, 268 ಸಾವು: ಧಾರ್ಮಿಕ ಕಿಬುತ್ಸ್‌ಗಳಲ್ಲಿ 69, ಇನ್ನೊಂದು ಕಡೆ 199. ಗುಂಪುಗಳು ಸಮ ಗಾತ್ರದವಲ್ಲ, ವಯಸ್ಸು, ಗಾತ್ರ ಎಲ್ಲ ಸರಿಪಡಿಸಿದ ಮೇಲೆ ಧರ್ಮನಿರಪೇಕ್ಷ ಕಡೆ ಸಾವಿನ ಅಪಾಯ 1.93 ಪಟ್ಟು. ಎರಡೂ ಕಡೆ ಒಗ್ಗಟ್ಟು ಗಟ್ಟಿಯಾಗಿಯೇ ಇತ್ತು, ಆದ್ದರಿಂದ 'ಎಲ್ಲವೂ ಸ್ನೇಹದ ಮಹಿಮೆ' ಎಂದು ತಳ್ಳಿಹಾಕಲು ಇದು ಬಿಡುವುದಿಲ್ಲ. ಶುದ್ಧ ಸಮಾಜಶಾಸ್ತ್ರದ ವಿವರಣೆಯನ್ನು ಇಷ್ಟಪಡುವ ನನ್ನಂಥವರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು.

ಅದಕ್ಕೆ ಎದುರಾಗಿ ಲಿಮ್ ಮತ್ತು ಪುಟ್ನಮ್ ಅವರ 2010ರ ಪ್ರಬಂಧವಿದೆ. ಆಯುಸ್ಸಲ್ಲ, ಬದುಕಿನ ತೃಪ್ತಿಯ ಬಗ್ಗೆ. ಸಭೆಗೆ ಬಂದು, ಯಾರ ಪರಿಚಯವೂ ಇಲ್ಲದೆ ಹಾಗೇ ಎದ್ದು ಹೋಗುವವರಿಗೆ ವಿಶೇಷ ಲಾಭ ಕಾಣಲಿಲ್ಲ. ಅಲ್ಲಿ ಆಪ್ತ ಗೆಳೆಯರಿದ್ದು, ಜೊತೆಗೆ ಆ ಧರ್ಮ ತನ್ನ ಗುರುತಿನ ಭಾಗ ಎಂದುಕೊಂಡವರಿಗೆ ಲಾಭ. ಸ್ನೇಹವೊಂದೇ ಸಾಲದು, ನಂಬಿಕೆಯೊಂದೇ ಸಾಲದು.

ಪ್ರಶ್ನೆಪುಟ್ಟ:
ಸನ್ಯಾಸಿನಿಯರು ಬಹಳ ಕಾಲ ಬದುಕುತ್ತಾರೆ ಅನ್ನುತ್ತಾರಲ್ಲ?

ನಾಡಿಮಿಡಿತ:
ಹೌದು, ಆದರೆ ಸನ್ಯಾಸಿಗಳ ಲೆಕ್ಕ ಇನ್ನೂ ಕುತೂಹಲದ್ದು. ಮಾರ್ಕ್ ಲೂಯ್ ಬವೇರಿಯಾದ ಮಠಗಳ 11,624 ಸನ್ಯಾಸಿನಿ-ಸನ್ಯಾಸಿಗಳ 1890ರಿಂದ 1995ರ ತನಕದ ದಾಖಲೆ ನೋಡಿದರು. ಹೊರಗಿನ ಸಮಾಜದಲ್ಲಿ ಹೆಣ್ಣು-ಗಂಡಿನ ಆಯುಸ್ಸಿನ ಅಂತರ ಕಳೆದ ಶತಮಾನದಲ್ಲಿ ಹಿಗ್ಗುತ್ತಾ ಹೋಯಿತು, ಮಠದೊಳಗೆ ಅದು ಹೆಚ್ಚೆಂದರೆ ಒಂದೆರಡು ವರ್ಷ. ಗಂಡಸರು ಬೇಗ ಸಾಯುವುದರಲ್ಲಿ ಹುಟ್ಟಿನ ಪಾಲು ಚಿಕ್ಕದು, ಬದುಕುವ ರೀತಿಯ ಪಾಲು ದೊಡ್ಡದು ಎನ್ನುವುದಕ್ಕೆ ಇಷ್ಟು ಚೊಕ್ಕ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ಇಟಲಿಯ ಉಂಬ್ರಿಯಾದಲ್ಲಿ ಟಿಮಿಯೋ ಎಂಬವರು 144 ಸನ್ಯಾಸಿನಿಯರನ್ನೂ 138 ಗೃಹಸ್ಥ ಹೆಂಗಸರನ್ನೂ ದಶಕಗಳ ಕಾಲ ಅಳೆದರು. ಹೊರಗಿನವರ ರಕ್ತದೊತ್ತಡ ವಯಸ್ಸಿನ ಜೊತೆ ಏರಿತು, ಮಠದವರದು ಬಹುಮಟ್ಟಿಗೆ ಹಾಗೇ ಇತ್ತು. ಮೌನ, ನಿಗದಿತ ದಿನಚರಿ, ಹೊರಗಿನ ಜಗಳಗಳಿಂದ ದೂರ. ಇವುಗಳಲ್ಲಿ ಯಾವುದು ಕಾರಣ ಎಂದು ಬಿಡಿಸಲು ಆಗುವುದಿಲ್ಲ.

ಲಯಬದ್ಧ:
ಜಪದ ಮಾತು ಬಂದದ್ದರಿಂದ ಒಂದು ಶರೀರಶಾಸ್ತ್ರದ ವಿವರ. 2001ರಲ್ಲಿ ಬರ್ನಾರ್ಡಿ ಮತ್ತಿತರರು 23 ಆರೋಗ್ಯವಂತರಿಂದ ಲ್ಯಾಟಿನ್ 'ಆವೆ ಮರಿಯಾ' ಜಪಮಾಲೆಯನ್ನೂ 'ಓಂ ಮಣಿ ಪದ್ಮೇ ಹೂಂ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ರಕ್ತದೊತ್ತಡದಲ್ಲಿ ಸಹಜವಾಗಿ ಹತ್ತು ಸೆಕೆಂಡಿಗೊಮ್ಮೆ ಏಳುವ ಒಂದು ಅಲೆ ಇದೆ. ಉಸಿರೂ ಹತ್ತು ಸೆಕೆಂಡಿಗೆ ಒಂದಾದಾಗ ಎರಡೂ ತಾಳ ಸೇರಿಕೊಳ್ಳುತ್ತವೆ, ರಕ್ತದೊತ್ತಡವನ್ನು ಕ್ಷಣಕ್ಷಣ ಸರಿತೂಗಿಸುವ ಬ್ಯಾರೋರಿಫ್ಲೆಕ್ಸ್ ಹೆಚ್ಚು ಚುರುಕಾಗುತ್ತದೆ. ಎರಡು ಧರ್ಮಗಳ ಎರಡು ಮಂತ್ರ, ಒಂದೇ ಅಳತೆಯ ಉಸಿರು!

ಮಾಡುವವರಿಗೆ: ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ, ಹೊರಬಿಡುವಾಗ ಪದ. ಉಸಿರು ನಿಧಾನವಾಗಬೇಕು, ಆಳ ಹೆಚ್ಚಬಾರದು. ಜನ ತಪ್ಪುವುದು ಇಲ್ಲೇ. ಜೋರಾಗಿ ಎಳೆದು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಅದನ್ನು ದೈವಾನುಭವ ಎಂದುಕೊಂಡು ಇನ್ನೂ ಜೋರು ಮಾಡುವವರಿದ್ದಾರೆ. ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂದು ಆ 23 ಜನರ ಪ್ರಯೋಗ ಹೇಳಿಲ್ಲ, ಅದು ನಿಮಿಷಗಳ ಲೆಕ್ಕ.

ಸಂಶಯಾತ್ಮ:
ಗಾಲ್ಟನ್ ಬಾಕಿ ಇದ್ದಾನೆ. ಬೇರೆಯವರ ಪ್ರಾರ್ಥನೆ?

ಸಂಖ್ಯಾಶೋಧ:
ಅದು ಬೆಟ್ಟ ಅಗೆದು ಇಲಿ ಹಿಡಿದ ಕಥೆ. 1988ರಲ್ಲಿ ಬರ್ಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 393 ಹೃದ್ರೋಗಿಗಳ ಮೇಲೆ ಪ್ರಯೋಗ ಮಾಡಿ ಸ್ವಲ್ಪ ಲಾಭ ಕಂಡೆ ಎಂದರು. ಹತ್ತಾರು ಫಲಿತಾಂಶಗಳನ್ನು ಅಳೆದರೆ ಒಂದಷ್ಟು ಹಾಗೇ ಗೆದ್ದುಬಿಡುತ್ತವೆ. 2006ರಲ್ಲಿ ಬೆನ್ಸನ್ ನೇತೃತ್ವದ ದೊಡ್ಡ ಪ್ರಯೋಗ ಬಂತು. ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳು, ಮೂರು ಗುಂಪು. ಪ್ರಾರ್ಥನೆ ಇದೆಯೋ ಇಲ್ಲವೋ ಎಂದು ಖಚಿತ ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ಸಿಕ್ಕವರಿಗೆ ಶೇ 52 ತೊಡಕು, ಸಿಗದವರಿಗೆ ಶೇ 51. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ತಿಳಿಸಿದವರಿಗೆ ಶೇ 59. 'ಪ್ರಾರ್ಥನೆ ಬೇಕಾಗುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ' ಎಂಬ ಆತಂಕ ಇರಬಹುದೆಂಬ ಊಹೆ ಆಗ ಬಂತು, ಸಾಬೀತಾಗಲಿಲ್ಲ. ಈ ಬಾಗಿಲು ಮುಚ್ಚಿದೆ ಅನ್ನುವುದೇ ನನ್ನ ಅಭಿಪ್ರಾಯ.

ಶುಶ್ರೂಷಕಿ:
ಇಷ್ಟು ಹೊತ್ತು ಲಾಭದ ಮಾತೇ ಆಯಿತು. ಹಾನಿಯ ಕಡೆಗೂ ಅಂಕಿಗಳಿವೆ.

ಮೊದಲನೆಯದು ನಂಬಿಕೆಯೇ ತಿರುಗಿ ಕಚ್ಚುವುದು. ಪಾರ್ಗಮೆಂಟ್ ಮತ್ತಿತರರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿದ್ದ 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದರು. 'ದೇವರು ನನ್ನ ಕೈಬಿಟ್ಟನೇ' ಎಂದು ಕೊರಗುವವರಲ್ಲಿ ಸಾವಿನ ಅಪಾಯ ಶೇ 28 ಹೆಚ್ಚು, 'ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ' ಎನ್ನುವವರಲ್ಲಿ ಶೇ 22. ಅದೂ ಆರೋಗ್ಯ ಸ್ಥಿತಿಯನ್ನು ಸರಿಪಡಿಸಿದ ಮೇಲೆ. ರೋಗಿಯ ಬಾಯಲ್ಲಿ 'ನನ್ನ ಪಾಪಕ್ಕೆ ಈ ಶಿಕ್ಷೆ' ಎಂಬ ಮಾತು ಬಂದರೆ ಅದನ್ನು ಭಕ್ತಿ ಎಂದು ಬಿಟ್ಟುಬಿಡಬಾರದು. ವೈದ್ಯರ ಗಮನಕ್ಕೆ ತರಬೇಕು, ಖಿನ್ನತೆಗೆ ತಪಾಸಣೆ ಮಾಡಿಸಬೇಕು. ಸಭೆಯ ಹಿರಿಯರು ಆಗ 'ನಂಬಿಕೆ ಸಾಲದು' ಎಂದು ಉಪದೇಶ ಮಾಡಿದರೆ ಉರಿಗೆ ತುಪ್ಪ.

ಎರಡನೆಯದು ಉಪವಾಸ. 13 ದೇಶಗಳ 12,243 ಮಧುಮೇಹಿಗಳನ್ನು ರಂಜಾನ್ ತಿಂಗಳಲ್ಲಿ ಗಮನಿಸಿದ ಎಪಿಡಿಯರ್ ಅಧ್ಯಯನದಲ್ಲಿ ತೀವ್ರ ಸಕ್ಕರೆ ಇಳಿತ ಟೈಪ್ 1ರಲ್ಲಿ 4.7 ಪಟ್ಟು, ಟೈಪ್ 2ರಲ್ಲಿ 7.5 ಪಟ್ಟು ಹೆಚ್ಚಿತು. ಯಾವ ಧರ್ಮದ ಉಪವಾಸಕ್ಕೂ ಶರೀರ ಒಂದೇ. ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಪ್ರಮಾಣವನ್ನೂ ಹೊತ್ತನ್ನೂ ಮೊದಲೇ, ಸಾಧ್ಯವಾದರೆ ಆರೆಂಟು ವಾರ ಮುಂಚೆ, ವೈದ್ಯರ ಹತ್ತಿರ ಬದಲಿಸಿಕೊಳ್ಳಬೇಕು. ಉಪವಾಸದ ನಡುವೆ ಬೆರಳು ಚುಚ್ಚಿ ನೋಡಿದಾಗ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಇದ್ದರೆ ಅಲ್ಲಿಗೇ ನಿಲ್ಲಿಸಬೇಕು. ಡಪಾಗ್ಲಿಫ್ಲೋಜಿನ್ ಥರದ ಮಾತ್ರೆಯವರು ನೀರೂ ಬಿಟ್ಟರೆ ರಕ್ತ ಆಮ್ಲವಾಗುವ ಕೀಟೋಆಸಿಡೋಸಿಸ್‌ನ ಅಪಾಯ, ಸಕ್ಕರೆ ಅಷ್ಟೇನೂ ಏರದೆಯೂ ಅದು ಬರಬಹುದು.

ಮೂರನೆಯದು ಹೇಳಲು ಕಷ್ಟವಾದದ್ದು. 1998ರಲ್ಲಿ ಆಸ್ಸರ್ ಮತ್ತು ಸ್ವಾನ್ ಅಮೆರಿಕದಲ್ಲಿ 1975ರಿಂದ 1995ರ ನಡುವೆ ಧಾರ್ಮಿಕ ಕಾರಣಕ್ಕೆ ಚಿಕಿತ್ಸೆ ಕೊಡಿಸದೆ ಸತ್ತ 172 ಮಕ್ಕಳ ದಾಖಲೆ ನೋಡಿದರು. ಅವರಲ್ಲಿ 140 ಮಕ್ಕಳ ಕಾಯಿಲೆಗಳು ಚಿಕಿತ್ಸೆ ಸಿಕ್ಕಿದ್ದರೆ ಶೇ 90ಕ್ಕೂ ಹೆಚ್ಚು ಬದುಕುವಂಥವು.

ನಾಡಿಮಿಡಿತ:
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ತೂಕ. ಅಮೆರಿಕದ ಕಾರ್ಡಿಯಾ ಅಧ್ಯಯನದಲ್ಲಿ 2,433 ಯುವಕ ಯುವತಿಯರನ್ನು 18 ವರ್ಷ ನೋಡಿದಾಗ, ಪದೇ ಪದೇ ಸಭೆಗೆ ಹೋಗುವವರು ನಡುವಯಸ್ಸಿಗೆ ಬೊಜ್ಜಿನವರಾಗುವ ಸಂಭವ ಸುಮಾರು ಶೇ 50 ಹೆಚ್ಚಿತ್ತು. ಸಭೆ ಅಂದಮೇಲೆ ಊಟ, ಊಟ ಅಂದಮೇಲೆ ಸಿಹಿ. ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾದ ಸೆವೆಂತ್ ಡೇ ಅಡ್ವೆಂಟಿಸ್ಟರು ಎಂಬ ಕ್ರೈಸ್ತ ಪಂಗಡದವರು, ಹೊಗೆ ಮದ್ಯ ಇಲ್ಲ, ಹಲವರು ಸಸ್ಯಾಹಾರಿಗಳು. ಫ್ರೇಸರ್ 2001ರಲ್ಲಿ ತೋರಿಸಿದಂತೆ ಅಲ್ಲಿನ ಗಂಡಸರು ಉಳಿದ ಕ್ಯಾಲಿಫೋರ್ನಿಯಾದವರಿಗಿಂತ 7.3 ವರ್ಷ, ಹೆಂಗಸರು 4.4 ವರ್ಷ ಹೆಚ್ಚು ಬದುಕುತ್ತಾರೆ. ಒಂದು ಸಭೆಗೂ ಇನ್ನೊಂದಕ್ಕೂ ಇರುವ ಈ ಅಂತರದಲ್ಲಿ ತಟ್ಟೆಯ ಪಾಲು ಸಣ್ಣದಲ್ಲ.

ಪ್ರಶ್ನೆಪುಟ್ಟ:
ಒಂದು ಸಭೆಯವರು ನಿಜವಾಗಿ ಸದಸ್ಯರ ಆರೋಗ್ಯಕ್ಕೆ ಏನಾದರೂ ಮಾಡಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಭಾಷಣ ಬೇಡ, ಕೆಲಸ ಹೇಳಿ.

ಶುಶ್ರೂಷಕಿ:
ರಕ್ತದೊತ್ತಡದ ಮೇಜು ಇಡಿ. ಖರ್ಚು ಕಡಿಮೆ, ಸಿಗುವ ಫಲ ಹೆಚ್ಚು. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಇರಲಿ, ಮಣಿಕಟ್ಟಿನದು ಬೇಡ. ಪಟ್ಟಿ ಎರಡು ಅಳತೆಯವು ಬೇಕೇ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಊರಿಗೆಲ್ಲ ಬಿಪಿ ಬಂದಂತಾಗುತ್ತದೆ.

ಸಭೆ ಮುಗಿದು ಮೆಟ್ಟಿಲು ಹತ್ತಿ ಬಂದವರನ್ನು ಹಾಗೇ ಅಳೆಯಬೇಡಿ. ಐದು ನಿಮಿಷ ಸುಮ್ಮನೆ ಕೂರಲಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಸಿಗರೇಟು ಇರಬಾರದು, ಮೂತ್ರ ಕಟ್ಟಿಕೊಂಡಿರಬಾರದು, ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಸರಾಸರಿ ಬರೆಯಿರಿ. 140/90 ಅಥವಾ ಹೆಚ್ಚಿದ್ದರೆ ಇನ್ನೊಂದು ದಿನ ಮತ್ತೆ ಅಳೆದು, ಹಾಗೇ ಇದ್ದರೆ ವೈದ್ಯರಲ್ಲಿಗೆ. 180/120 ದಾಟಿ, ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು ಇದ್ದರೆ ಆಂಬುಲೆನ್ಸ್.

ಕೆಡುವುದು ಎರಡು ಕಡೆ. ಅಂಕಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರೆ ಮುಂದಿನ ವಾರ ಯಾರೂ ಬರುವುದಿಲ್ಲ. ಇನ್ನೊಂದು, ಹೆಚ್ಚಿದೆ ಎಂದು ಚೀಟಿ ಕೊಟ್ಟು ಕೈತೊಳೆದುಕೊಳ್ಳುವುದು. ಎರಡು ವಾರದ ಮೇಲೆ 'ತೋರಿಸಿದಿರಾ?' ಎಂದು ಕೇಳುವ ಒಬ್ಬರನ್ನು ನೇಮಿಸದಿದ್ದರೆ ಯಂತ್ರ ಕೊಳ್ಳಲೇಬೇಡಿ.

ಸಮಾಜದರ್ಪಣ:
ಅದರ ಜೊತೆಗೆ ಗೈರುಹಾಜರಿ ಪಟ್ಟಿ. ಆಯುಸ್ಸಿಗೆ ಸಭೆ ಕೊಡುವ ದೊಡ್ಡ ಕೊಡುಗೆ 'ಈ ವಾರ ಅವರು ಕಾಣಲಿಲ್ಲವಲ್ಲ' ಎಂದು ಯಾರೋ ಗಮನಿಸುವುದು ಎಂದು ನನ್ನ ಅನಿಸಿಕೆ. ಎಂಟು ಹತ್ತು ಮನೆಗೆ ಒಬ್ಬರು, ಎರಡು ವಾರ ಸತತ ಕಾಣದಿದ್ದರೆ ಫೋನು, ಮೂರನೇ ವಾರ ಮನೆಗೆ. ಒಬ್ಬರಿಗೇ ನಲವತ್ತು ಮನೆ ಹೊರಿಸಿದರೆ ಆರು ತಿಂಗಳಲ್ಲಿ ಅದು ಸಾಯುತ್ತದೆ. ವಯಸ್ಸಾದವರಿಗೆ ಸಹಾಯ ಕೊಡುವುದಷ್ಟೇ ಅಲ್ಲ, ಅವರ ಕೈಯಿಂದಲೂ ಕೆಲಸ ಮಾಡಿಸಿ. 2003ರಲ್ಲಿ ಬ್ರೌನ್ ಮತ್ತಿತರರು 423 ವೃದ್ಧ ದಂಪತಿಗಳನ್ನು ಐದು ವರ್ಷ ನೋಡಿದಾಗ, ಬೇರೆಯವರಿಗೆ ನೆರವಾಗುತ್ತಿದ್ದವರಲ್ಲಿ ಸಾವು ಕಡಿಮೆ ಇತ್ತು, ನೆರವು ಪಡೆಯುವುದರಿಂದ ಅಂಥ ಲಾಭ ಕಾಣಲಿಲ್ಲ.

ಸಂಶಯಾತ್ಮ:
ಇಷ್ಟೂ ಕೆಲಸವನ್ನು ಹಾಡಿನ ಕೂಟವೋ ಚಾರಣದ ಬಳಗವೋ ಮಾಡಬಹುದಲ್ಲ? ನಂಬದವರು ಆಯುಸ್ಸಿಗಾಗಿ ನಂಬಿದಂತೆ ನಟಿಸಬೇಕೇ?

ಸಮಾಜದರ್ಪಣ:
ನಟಿಸಿ ಪ್ರಯೋಜನವಿಲ್ಲ, ಲಿಮ್ ಮತ್ತು ಪುಟ್ನಮ್ ಅವರ ಪ್ರಬಂಧವೇ ಅದನ್ನು ಹೇಳುತ್ತದೆ. ಬಳಗಗಳಿಂದ ಲಾಭ ಖಂಡಿತ ಇದೆ. ಹೋಲ್ಟ್-ಲುನ್‌ಸ್ಟಾಡ್ 2010ರಲ್ಲಿ 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಒಟ್ಟುಗೂಡಿಸಿದಾಗ, ಗಟ್ಟಿ ಸಂಬಂಧ ಇರುವವರು ಬದುಕುಳಿಯುವ ಸಾಧ್ಯತೆ ಶೇ 50 ಹೆಚ್ಚು. ಅದರಲ್ಲಿ ದೇವರ ಷರತ್ತಿಲ್ಲ. 1979ರಲ್ಲಿ ಬರ್ಕ್‌ಮನ್ ಮತ್ತು ಸೈಮ್ ಅಲಮೀಡಾದಲ್ಲೇ ಮದುವೆ, ಬಂಧುಮಿತ್ರರು, ಧಾರ್ಮಿಕ ಸಭೆ, ಇತರ ಸಂಘಗಳು ಎಂದು ನಾಲ್ಕನ್ನು ಬೇರೆ ಬೇರೆ ಎಣಿಸಿದ್ದರು, ನಾಲ್ಕಕ್ಕೂ ತೂಕ ಇತ್ತು.

ಆದರೆ ಚಾರಣದ ಬಳಗಗಳು ಸೋಲುವುದು ಎಲ್ಲಿ ಎಂದು ನೋಡಿ. ಮಂಡಿ ನೋವು ಬಂದ ದಿನವೇ ಸದಸ್ಯತ್ವ ಮುಗಿಯುತ್ತದೆ. ಹಾಡಿನ ಕೂಟದಲ್ಲಿ ಗಂಟಲು ಹೋದರೆ ಹಾಗೇ. ಧಾರ್ಮಿಕ ಸಭೆಯಲ್ಲಿ ಮಂಡಿ ಹೋದವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತಾರೆ. ಬಳಗದ ನಿಯಮ ಬರೆಯುವಾಗ ಒಂದು ಸಾಲು ಸೇರಿಸಿಕೊಳ್ಳಿ: ನಡೆಯಲಾಗದವರನ್ನು ಯಾರು ಕರೆತರಬೇಕು, ಅವರಿಗೆ ಅಲ್ಲಿ ಯಾವ ಕೆಲಸ.

ಸಂಶಯಾತ್ಮ:
ಹಾಜರಿ ಪುಸ್ತಕ ಬರೆಯುವ ಕೆಲಸ ಕೊಟ್ಟರಾಯಿತು. ಸಿಸ್ಟರ್, ದೊಡ್ಡ ಪಟ್ಟಿಯ ಅಳತೆ ಎಷ್ಟು ಸೆಂಟಿಮೀಟರಿನಿಂದ ಬೇಕಾಗುತ್ತದೆ?

ಶುಶ್ರೂಷಕಿ:
ತೋಳಿನ ನಡುಭಾಗಕ್ಕೆ ಟೇಪು ಸುತ್ತಿ ನೋಡಿ. ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ತನಕ, ಅದರ ಮೇಲೆ ದೊಡ್ಡದು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ, ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ, ಅದನ್ನೇ ನಂಬಿ. ದಪ್ಪ ಬಟ್ಟೆಯ ಮೇಲೆ ಕಟ್ಟಬೇಡಿ, ತೋಳು ಮಡಚಿ ಬಿಗಿಯುವುದೂ ಬೇಡ.